ಬಾಲದ ತಗಡಿನ ಸಂಗಪ್ಪ ಕಾಕಾ

ನೀರು ಕಂಡ ಕೂಡಲೇ ಸಂಗಪ್ಪ ಕಾಕಾ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿಯುತ್ತಿದ್ದರು. ನೀರಿಗಿಳಿಯಲಿಕ್ಕಲ್ಲ, ಓಡಲಿಕ್ಕೆ. ಮುಂಬಯಿಯ ವರ್ಸೋವಾದಲ್ಲಿ ಬೋಟು ಕಟ್ಟುವ ಧಕ್ಕೆಯ ಪಕ್ಕ, ಇಳಿತದ ಹೊತ್ತಿನಲ್ಲಿ ಬೋಟುಗಳು ಕೆಸರಿನ ಮೇಲೆ ಒರಗಿ ನಿಂತಿರುತ್ತಿದ್ದವು. ಆಗ ಅವುಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಮುಖದ ಮೇಲೆ ತುಕ್ಕು ಉದುರಿದರೂ ಲೆಕ್ಕಿಸದೆ ಸುತ್ತಿಗೆ ಬಡಿಯುತ್ತಿದ್ದ ಮನುಷ್ಯ, ಉಬ್ಬರದ ಮೊದಲ ನೀರು ಬೆರಳುದ್ದ ಹರಿದು ಬಂತೆಂದರೆ ಸಾಮಾನನ್ನೆಲ್ಲ ಚೀಲಕ್ಕೆ ಸುರಿದು ದಂಡೆ ಹತ್ತುತ್ತಿದ್ದರು. ನೀರಿನ ಅಂಚಿನಿಂದ ಒಂಬತ್ತು ಹೆಜ್ಜೆ ಎಣಿಸಿ ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದರು. ನೀರು ಮುಂದೆ ಬಂದಷ್ಟೂ ಅವರು ಹಿಂದೆ. ಹನ್ನೆರಡು ವರ್ಷ ಬೋಟಿನ ಕೆಲಸ ಮಾಡಿದವರು ತೇಲುವ ಬೋಟಿನಲ್ಲಿ ಒಮ್ಮೆಯೂ ಕಾಲಿಟ್ಟಿರಲಿಲ್ಲ.

“ನಮ್ಮೂರಾಗ ನೀರಂದ್ರ ಬಾವ್ಯಾಗ ಇರತೈತ್ರಿ ಬಾಯಾರ” ಎಂದು ನರ್ಸಬಾಯಿಯಾದ ನನಗೆ ಒಮ್ಮೆ ಹೇಳಿದ್ದರು. “ನಾವ ಅದರ ಕಡೆ ಹೋಗಬೇಕು, ಕೊಡಾ ಬಿಡಬೇಕು, ಜಗ್ಗಬೇಕು. ಇಲ್ಲಿ ನೋಡ್ರಿ, ಅದ ನಮ್ಮ ಕಡೆ ಬರತೈತಿ. ತಾನಾಗೇ ಎದ್ದು ಬರೂ ನೀರನ್ನ ಹ್ಯಾಂಗ ನಂಬೂದು?”

ಅವರ ಊರು ಸಿಂದಗಿಯ ಕಡೆಯ ಒಂದು ಹಳ್ಳಿ. ಜೋಳ ಬೆಳೆಯುವ ಕಪ್ಪು ಮಣ್ಣು. ಅಲ್ಲಿಂದ ಮುಂಬಯಿಗೆ ಬಂದು ಜೋಗೇಶ್ವರಿಯ ಸಣ್ಣ ಕಾರ್ಖಾನೆಗಳ ಸಾಲಿನ ಹಿಂದೆ ಒಂದು ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಬಾಗಿಲು, ಗೇಟು, ಡ್ರಮ್ಮಿನ ಮುಚ್ಚಳ, ಏನು ಹೇಳಿದರೂ ಮಾಡಿಕೊಡುತ್ತಿದ್ದರು. ಕೋಳಿ ಎಂಬ ಜಾತಿಯ ಮೀನುಗಾರನೊಬ್ಬ ಒಮ್ಮೆ ಮುರಿದ ಚುಕ್ಕಾಣಿ ತಂದುಕೊಟ್ಟಿದ್ದೇ ಬೋಟಿನ ಕೆಲಸದ ಆರಂಭ. ರುಮಾಲಿನ ಮಡಿಕೆಯಲ್ಲಿ ಒಂದು ಕೆಂಪು ಪೆನ್ಸಿಲ್ಲು ಸಿಕ್ಕಿಸಿಕೊಂಡಿರುತ್ತಿದ್ದರು. ಯಾವ ಅಳತೆಯನ್ನಾದರೂ ಮೊದಲು ಗೇಣು ಹಾಕಿ, ಆಮೇಲೆ ಫೂಟುಪಟ್ಟಿಯಲ್ಲಿ ತೆಗೆಯುತ್ತಿದ್ದರು. ಎರಡೂ ಹೊಂದದಿದ್ದರೆ ಪಟ್ಟಿಯನ್ನೇ ಅನುಮಾನದಿಂದ ತಿರುಗಿಸಿ ನೋಡುತ್ತಿದ್ದರು.

ನಾನು ಆಗ ಇಪ್ಪತ್ತಾರರ ನರ್ಸು, ಧಾರವಾಡದವಳು, ಅಂಧೇರಿಯ ಚಾಳೊಂದರಲ್ಲಿ ಒಂದು ಖೋಲಿ ಹಿಡಿದಿದ್ದೆ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಧರ್ಮಾರ್ಥ ಟ್ರಸ್ಟಿನ ದವಾಖಾನೆಯಲ್ಲಿ ನನಗೆ ಕೆಲಸ. ವಾರಕ್ಕೆ ಎರಡು ದಿನ ವರ್ಸೋವಾದಿಂದ ಲಾಂಚಿನಲ್ಲಿ, ಸಮುದ್ರ ನೆಲದೊಳಗೆ ಚಾಚಿದ ಖಾಡಿಯಲ್ಲಿ ಮೂರು ಮೈಲಿ ಒಳಗೆ ಹೋಗಿ, ಅಲ್ಲಿ ಕೋಳಿವಾಡೆ ಎನ್ನುವ ಮೀನುಗಾರರ ಹಳ್ಳಿಯೊಂದರಲ್ಲಿ ಔಷಧಿ ಕೊಟ್ಟು, ಆಸ್ಪತ್ರೆ ಬೇಕಾದವರನ್ನು ಕೂರಿಸಿಕೊಂಡು ಬರಬೇಕಿತ್ತು. ಮಲಾಡಿನ ಕಡೆಯಿಂದ ಆ ಊರಿಗೆ ದಾರಿ ಇತ್ತು, ಆದರೆ ಬಸ್ಸು ಇಳಿದ ಮೇಲೆ ಮೂರು ತಾಸಿನ ಕೆಸರು. ಲಾಂಚು ಬರುವ ಮುಂಚೆ ಹೆರಿಗೆಗೆ ಕಷ್ಟಪಡುವವರನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಆ ದಾರಿಯಲ್ಲಿ ಹೊತ್ತು ತರುತ್ತಿದ್ದರಂತೆ. ಆಸ್ಪತ್ರೆ ಮುಟ್ಟದ ಇಬ್ಬರು ಹೆಂಗಸರ ಹೆಸರನ್ನು ಊರಿನವರು ನನಗೆ ಮೊದಲ ದಿನವೇ ಹೇಳಿದ್ದರು.

ಲಾಂಚು ಮಾತ್ರ ಹಳೆಯ ಮುದುಕಿ. ಬ್ರಿಟಿಷರ ಕಾಲದಲ್ಲಿ ಯಾವುದೋ ಗಿರಣಿ ಮಾಲೀಕರು ಮೋಜಿಗೆಂದು ಕಟ್ಟಿಸಿದ್ದ ಇಪ್ಪತ್ತೆರಡು ಫೂಟಿನ ಮರದ ಬೋಟು. ಅದರ ಹಗುರ ಪೆಟ್ರೋಲ್ ಎಂಜಿನ್ನು ಸತ್ತ ಮೇಲೆ ಟ್ರಸ್ಟಿನವರು ಲಾರಿಯ ಡೀಸೆಲ್ ಎಂಜಿನ್ನು ತಂದು ಹಿಂಭಾಗದಲ್ಲಿ ಕೂರಿಸಿದ್ದರು. ಅಂದಿನಿಂದ ಅದು ವೇಗ ಹಿಡಿದರೆ ಸಾಕು, ಹಿಂಭಾಗ ನೀರಿನಲ್ಲಿ ಕುಸಿದು ಮೂತಿ ಆಕಾಶಕ್ಕೆ ಏಳುತ್ತಿತ್ತು. ನಮ್ಮ ಹರಿ ತಾಂಡೇಲ, ಅಂದರೆ ಲಾಂಚು ನಡೆಸುವವನು, ಎಣ್ಣೆ ಡಬ್ಬದ ಮೇಲೆ ನಿಂತು ಕತ್ತು ಚಾಚಿ ನೋಡಿದರೂ ಅವನಿಗೆ ಮುಂದಿನ ನೀರು ಕಾಣುತ್ತಿರಲಿಲ್ಲ. ನಿಧಾನ ಹೋಗೋಣವೆಂದರೆ ಉಬ್ಬರ ಕಾಯುವುದಿಲ್ಲ. ನೀರು ಇಳಿಯುವುದರೊಳಗೆ ಮರಳದಿದ್ದರೆ ರೋಗಿಗಳ ಸಮೇತ ಕೆಸರಿನಲ್ಲಿ ಕೂರಬೇಕಾಗುತ್ತಿತ್ತು. ನಾನು ಟ್ರಸ್ಟಿನ ಹಿರಿಯರ ಹತ್ತಿರ ಗೊಣಗಿದರೆ, “ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಿಲಿಗೆ ಹೋಗಿ ಮೊಳ ಹಾಕಿದಳಂತೆ” ಎಂದು ಅವರು ನನ್ನ ಬಾಯಿ ಮುಚ್ಚಿಸುತ್ತಿದ್ದರು.

ಆ ಮಳೆಗಾಲ ಮುಗಿದ ಮೊದಲ ವಾರದಲ್ಲೇ ಲಾಂಚು ಒಬ್ಬರ ಬಲೆಯ ಮೇಲೆ ಹಾದು ಅದನ್ನು ಸೀಳಿತು. ಕೋಳಿವಾಡೆಯ ಪಾಟೀಲರು ಧಕ್ಕೆಗೆ ಬಂದು ನಿಂತರು. ಎತ್ತರದ, ಮಾತು ಕಡಿಮೆಯ ಮುದುಕರು. “ತುಮ್ಚಿ ಬೋಟ್ ಆಂಧಳಿ ಆಹೇ, ಸಿಸ್ಟರ್” ಎಂದರು. ನಿಮ್ಮ ಬೋಟು ಕುರುಡು. ಇನ್ನೊಂದು ಸಲ ಹೀಗಾದರೆ ನಮ್ಮ ಧಕ್ಕೆಗೆ ಹಗ್ಗ ಕಟ್ಟಲು ಬಿಡುವುದಿಲ್ಲ ಎಂದು ಅಷ್ಟೇ ಮೆಲ್ಲಗೆ ಸೇರಿಸಿದರು. ಲಾಂಚು ನಿಂತರೆ ದವಾಖಾನೆ ನಿಂತ ಹಾಗೆ. ನನಗೆ ಆ ಬಾಗಿಲ ಹಲಗೆ ಕಣ್ಣ ಮುಂದೆ ಬಂತು.

ಹರಿಯೇ ನನ್ನನ್ನು ಜೋಗೇಶ್ವರಿಗೆ ಕರೆದುಕೊಂಡು ಹೋದ. ಶೆಡ್ಡಿನಲ್ಲಿ ಕನ್ನಡ ಕೇಳಿ ನನಗೆ ಅರ್ಧ ಧೈರ್ಯ ಬಂತು. ಮರುದಿನ ಇಳಿತದ ಹೊತ್ತಿಗೆ ಸಂಗಪ್ಪ ಕಾಕಾ ವರ್ಸೋವಾಕ್ಕೆ ಬಂದರು. ಲಾಂಚಿನ ಮುಂಭಾಗದ ಕಡೆ ತಿರುಗಿಯೂ ನೋಡದೆ ನೇರ ಹಿಂದಕ್ಕೆ ಹೋಗಿ ಕೂತರು. ಹಿಂಬದಿಯ ಹಲಗೆಯ ಕೆಳತುದಿಯಲ್ಲಿ, ಎಡಕ್ಕೊಂದು ಬಲಕ್ಕೊಂದು, ಕೀಲಿಗೆ ನೇತುಬಿದ್ದ ಎರಡು ಕಬ್ಬಿಣದ ತಗಡುಗಳಿದ್ದವು. ಉಪ್ಪು ತಿಂದು ತಿಂದು ಹಪ್ಪಳದ ಹಾಗಾಗಿದ್ದವು. ಕಾಕಾ ಒಂದನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ಆಚೆ ಹೋಯಿತು.

“ಇವು ಬಾಲದ ತಗಡ್ರಿ ಬಾಯಾರ. ಇವು ನೆಟ್ಟಗಿದ್ರ ಮೂತಿ ನೆಟ್ಟಗ. ನೀವು ಕುಂಟಿ ಹೊಡಿಯೂದು ನೋಡೀರೇನು? ಎತ್ತು ಜೋರ ಹಿಡದ್ರ ಕುಂಟಿ ಮ್ಯಾಲ ಏಳತೈತಿ. ಆವಾಗ ಮನಿಶಾ ಅದರ ಮ್ಯಾಲ ಹತ್ತಿ ನಿಂದರತಾನ. ಈ ತಗಡು ನೀರಾಗಿನ ಮನಿಶಾ ಇದ್ದಾಂಗ. ತುಸು ಕೆಳಗ ಬಾಗಿದ್ರ ನೀರು ಅದನ್ನ ಮ್ಯಾಲ ದಬ್ಬತೈತಿ. ಹಿಂದಿನ ಭಾಗ ಎದ್ರ ಮುಂದಿನದು ಇಳೀತು. ಅಷ್ಟ ಐತಿ ಗುಟ್ಟು.”

ಹೊಲದಲ್ಲಿ ಕುಂಟೆಯ ಮೇಲೆ ನಿಂತು ಕಲಿತದ್ದನ್ನು ಸಮುದ್ರಕ್ಕೆ ಹಚ್ಚಿದ ಈ ಬುದ್ಧಿಗೆ ನಾನು ಬೆರಗಾದೆ. ಎಷ್ಟು ಅಗಲದ ತಗಡು ಬೇಕೆಂದು ಕೇಳಿದೆ. ಒಂದು ಫೂಟು ಬೋಟಿಗೆ ಒಂದು ಇಂಚು ತಗಡು, ಎರಡೂ ಕಡೆಗೆ ಅಷ್ಟಷ್ಟು ಎಂದು ಹಡಗು ರಿಪೇರಿ ಮಾಡುವ ಗೋದಿಯ ಹಳೆಯ ಫಿಟ್ಟರೊಬ್ಬ ತಮಗೆ ಹೇಳಿಕೊಟ್ಟಿದ್ದನೆಂದರು. ಹಾಗಾದರೆ ಇಪ್ಪತ್ತೆರಡು ಇಂಚು. “ಖರೆ, ಆದ್ರ ಹಳೇವು ಹನ್ನೆರಡ ಅದಾವು. ಒಮ್ಮಿಗೇ ದುಪ್ಪಟ್ಟು ಮಾಡಿದ್ರ ಮೂತಿ ನೀರಾಗ ಚುಚ್ಚೀತು. ಹದಿನಾರು ಇಂಚಿಂದು ಹಾಕಿ ನೋಡೂಣು. ಹೊಂದಿದ್ರ ಹೊಂದತು.” ಆ ಮಾತನ್ನು ಅವರು ಆಮೇಲೆ ಎಷ್ಟು ಸಲ ನೆನೆದು ಹಲುಬಿದರೋ.

ಹಿತ್ತಾಳೆಯ ಹಾಳೆಯಲ್ಲಿ ಎರಡು ಹೊಸ ತಗಡು ಕತ್ತರಿಸಿದರು. ಹಳೆಯವು ಹಿತ್ತಾಳೆ ಮೊಳೆಗೆ ಕಬ್ಬಿಣ ಕಟ್ಟಿದ್ದರಿಂದಲೇ ಬೇಗ ಸತ್ತವೆಂದೂ, ಉಪ್ಪುನೀರಿನಲ್ಲಿ ಎರಡು ಜಾತಿಯ ಲೋಹ ಒಟ್ಟಿಗಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆಂದೂ ಹೇಳಿದರು. ತಗಡಿನ ಬಾಗು ಹೆಚ್ಚು ಕಡಿಮೆ ಮಾಡಲು ಪ್ರತಿಯೊಂದಕ್ಕೂ ಮೇಲಿಂದ ಒಂದು ಸುರುಳಿ ಹಲ್ಲಿನ ಸರಳು. ಅದನ್ನು ಪಾನಾ, ಅಂದರೆ ಸ್ಪ್ಯಾನರು, ಹಾಕಿ ತಿರುಗಿಸಿದರೆ ತಗಡು ಏಳುತ್ತದೆ, ಇಳಿಯುತ್ತದೆ. ಕೆಲಸ ಮುಗಿದದ್ದು ಆಯುಧಪೂಜೆಯ ಖಂಡೇನವಮಿಯ ಹಿಂದಿನ ದಿನ. ಸರಿ, ಪೂಜೆ ಆಗದೆ ಬೋಟು ನೀರಿಗೆ ಇಳಿಯಬಾರದೆಂದು ಕಾಕಾ ಪಟ್ಟು ಹಿಡಿದರು. ಎಂಜಿನ್ನಿಗೂ ತಗಡಿಗೂ ಕುಂಕುಮ, ಚೆಂಡುಹೂವು, ಕುಂಬಳಕಾಯಿ. ಕೋಳಿವಾಡೆಯಿಂದಲೂ ಜನ ಬಂದಿದ್ದರು. ದಸರೆಯ ಬೆಳಿಗ್ಗೆ ಎಲ್ಲರೂ ಬನ್ನಿ ಹಂಚಿಕೊಂಡೆವು. “ಬನ್ನಿ ತಗೊಂಡು ಬಂಗಾರದಾಂಗ ಇರೂಣ್ರಿ” ಎಂದು ಕಾಕಾ ಹರಿಗೂ ಕನ್ನಡದಲ್ಲೇ ಹೇಳಿದರು. ಹನ್ನೊಂದು ಜನ ಲಾಂಚು ಹತ್ತಿದೆವು.

ಖಾಡಿಯ ಬಾಯಿಯಲ್ಲಿ ಹರಿ ವೇಗ ಕೊಟ್ಟ. ಮೂತಿ ಏಳಲೇ ಇಲ್ಲ. ಹರಿ ಎಣ್ಣೆ ಡಬ್ಬ ಒದ್ದು ಪಕ್ಕಕ್ಕೆ ತಳ್ಳಿ ಕೂತೇ ನಡೆಸಿದ. ದಂಡೆಯ ಮೇಲೆ, ನೀರಿನಿಂದ ಒಂಬತ್ತು ಹೆಜ್ಜೆ ದೂರದಲ್ಲಿ ಕೂತಿದ್ದ ಕಾಕಾ ಕೈಯನ್ನು ಮುಂದೆ ಚಾಚಿ ಅಂಗೈಯನ್ನು ನೆಲಕ್ಕೆ ಸಮವಾಗಿ ಹಿಡಿದು ತೋರಿಸಿದರು. ಅದು ಅವರ ಗುರುತು. ಬೋಟು ಸಮ ಇದೆ ಎಂದರ್ಥ. ಓರೆ ಇದ್ದರೆ ಅಂಗೈಯನ್ನೂ ಓರೆ ಮಾಡುತ್ತಿದ್ದರು.

ಆರನೆಯ ದಿನ ಕೋಳಿವಾಡೆಯಿಂದ ಮರಳುತ್ತಿದ್ದೆವು. ಮೂರು ಜನ ರೋಗಿಗಳು, ಅವರ ಮನೆಯವರು, ನಾನು, ಎಲ್ಲರೂ ಹಿಂದಿನ ನೆರಳಿನಲ್ಲಿ ಯಾವಾಗಲಿನಂತೆ ಕೂತಿದ್ದೆವು. ನೀರು ಇಳಿಯತೊಡಗಿತ್ತು. ಹರಿ ವೇಗ ಕೊಟ್ಟಾಗ ಮೂತಿ ಏಳತೊಡಗಿತು. ಮೊದಲಿನಷ್ಟಲ್ಲ, ಆದರೆ ಅವನ ಕಣ್ಣಿಗಿಂತ ಮೇಲೆ. ಅವನು ಡಬ್ಬಕ್ಕಾಗಿ ಕಾಲಿನಿಂದ ತಡಕಾಡಿದ್ದು ನನಗೆ ಕಂಡಿತು. ಡಬ್ಬ ಇರಲಿಲ್ಲ, ಖುಷಿಯಲ್ಲಿ ಅವನೇ ದಂಡೆಯ ಮೇಲೆ ಬಿಟ್ಟು ಬಂದಿದ್ದ. ಅಷ್ಟರಲ್ಲಿ ಮುಂದಿನಿಂದ ಒಂದು ಹೆಣ್ಣು ಧ್ವನಿ ಚೀರಿತು. ಹರಿ ಚುಕ್ಕಾಣಿ ಎಳೆದ. ಕಟ್ಟಿಗೆ ಮುರಿದ ಸದ್ದು ನಮ್ಮ ಕಾಲಡಿಯಲ್ಲೇ ಆದಂತಾಯಿತು.

ತಾರಾಬಾಯಿ ಎಂಬ ಮೀನು ಮಾರುವ ಹೆಂಗಸು. ತನ್ನ ಪುಟ್ಟ ದೋಣಿಯಿಂದ ನೀರಿಗೆ ಹಾರಿದ್ದಕ್ಕೆ ಬದುಕಿದ್ದಳು. ದೋಣಿ ಎರಡು ಹೋಳಾಗಿತ್ತು. ಅವಳನ್ನು ನಾನೂ ಹರಿಯೂ ಎಳೆದು ಹತ್ತಿಸಿದೆವು. ಮೊಣಕೈಯ ಎಲುಬು ಮುರಿದಿತ್ತು. ಅವಳು ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಡುಗುತ್ತಿದ್ದಳು. ಔಷಧಿ ಕೊಡುವವಳ ಬೋಟೇ ಹೀಗೆ ಮಾಡಿತಲ್ಲ ಎಂಬ ಆ ನೋಟ ನನ್ನನ್ನು ಎಷ್ಟೋ ದಿನ ಮಲಗಲು ಬಿಡಲಿಲ್ಲ. ಸಂಜೆಯೇ ಪಾಟೀಲರಿಂದ ಮಾತು ಬಂತು. ಲಾಂಚು ಬೇಡ.

ನನಗೆ ಸಿಟ್ಟೆಂದರೆ ಮೂಗಿನ ತುದಿಯಲ್ಲಿ. ಜೋಗೇಶ್ವರಿಗೆ ಹೋಗಿ ಬಯ್ದು ಬರಬೇಕೆಂದು ಹೊರಟಿದ್ದೆ. ಅಷ್ಟರಲ್ಲಿ ಸಂಗಪ್ಪ ಕಾಕಾ ತಾವೇ ನಮ್ಮ ಚಾಳಿನ ಮೆಟ್ಟಿಲು ಹತ್ತಿ ಬಂದರು. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಕುಳಿತರು. ನೀರು ಕೊಟ್ಟರೆ ಕುಡಿಯಲಿಲ್ಲ.

“ದಸರಿ ದಿನ ನೀವೆಲ್ಲಾ ಎಲ್ಲಿ ಕೂತಿದ್ರಿ?”

“ಮುಂದ ಕೂತಿದ್ವಿ ಕಾಕಾ.”

“ಹನ್ನೊಂದೂ ಮಂದಿ?”

“ಹೌದು.”

“ಹಿಂದ ಯಾಕ ಕೂಡಲಿಲ್ಲ?”

ನನ್ನ ಸಿಟ್ಟು ಆಗ ಬಾಯಿಗೆ ಬಂತು. “ನೀವ ಹೇಳಿದ್ರಲ್ಲ! ಎಂಜಿನ್ನಿನ ಪೂಜಿ ಆಗೇತಿ, ಆ ಕಡೆ ಯಾರೂ ಕಾಲು ಚಾಚಬ್ಯಾಡ್ರಿ ಅಂತ. ಅದಕ್ಕ ಎಲ್ಲಾರೂ ಮುಂದ ಹೋಗಿ ಕೂತ್ವಿ.”

ಕೆಳಗೆ ನಲ್ಲಿಯ ಹತ್ತಿರ ಕೊಡಗಳ ಜಗಳ ನಡೆದಿತ್ತು. ಕಾಕಾ ರುಮಾಲು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. “ಹನ್ನೊಂದು ಮಂದಿ ಭಾರಾ ಮೂತಿ ಮ್ಯಾಲ ಹೇರಿ, ತಗಡು ಹೊಂದತು ಅಂತ ಕೈ ತೋರಿಸಿದ್ನಲ್ಲವ್ವಾ. ಕುಂಟಿ ಮ್ಯಾಲ ಊರ ಮಂದೀನ್ನ ನಿಂದರಿಸಿ, ನನ್ನ ಕುಂಟಿ ಭಾಳ ಚೊಲೋ ಅಂದಾಂಗ ಆತು. ಆ ಹೆಣ್ಮಗಳ ಕೈ ಮುರದಾಂವ ತಾಂಡೇಲ ಅಲ್ಲ, ನಾನು.”

ಪೂಜೆಯ ಶ್ರದ್ಧೆಯಿಂದಲೇ ಆದ ತಪ್ಪು. ನಮ್ಮಂಥವರಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡುತ್ತಿರಲಿಲ್ಲವೇನೋ. ಬಯ್ಯಬೇಕೆಂದುಕೊಂಡ ಮಾತುಗಳು ನನ್ನಲ್ಲಿ ಉಳಿಯಲಿಲ್ಲ. ಕಾಕಾನನ್ನು ನೋಡಿ ಅಯ್ಯೋ ಎನಿಸಿತು.

ಅವರು ಕೋಳಿವಾಡೆಗೆ ಹೋಗಿ ಪಾಟೀಲರ ಮುಂದೆಯೇ ಇದನ್ನು ಹೇಳಬೇಕೆಂದರು. ಹೋದದ್ದು ಮಲಾಡಿನ ದಾರಿಯಿಂದ. ಮೂರು ತಾಸು ಕೆಸರಿನಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು. ಜೊತೆಗೆ ನಾನೂ ನಡೆದೆ, ಅವರ ಮರಾಠಿ ನಂಬುವಂಥದ್ದಲ್ಲವೆಂದು. ಪಾಟೀಲರ ಅಂಗಳದಲ್ಲಿ ತಾರಾಬಾಯಿ ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಕಾಕಾ ಅವಳ ಮುಂದೆ ನಿಂತು, ತಪ್ಪು ತನ್ನದೆಂದೂ, ತಗಡು ಸಣ್ಣದಾಯಿತೆಂದೂ, ತಾನು ಮೋಸ ಹೋದದ್ದು ಹೀಗೆಂದೂ ಒಂದನ್ನೂ ಮುಚ್ಚಿಡದೆ ಹೇಳಿದರು. ಅವರ ಹಿಂದಿ, ಮರಾಠಿ, ಬಿಜಾಪುರದ ಕನ್ನಡ ಎಲ್ಲ ಕಲೆಸಿದ್ದನ್ನು ನಾನು ಬಿಡಿಸಿ ಬಿಡಿಸಿ ಹೇಳಿದೆ.

ಪಾಟೀಲರು ಕೇಳಿದ್ದು ಒಂದೇ ಪ್ರಶ್ನೆ. “ತೂ ಬಸ್ಲಾಸ್ ಕಾ ತ್ಯಾ ಬೋಟೀತ್?” ಆ ಬೋಟಿನಲ್ಲಿ ನೀನು ಕೂತಿದ್ದೆಯಾ?

ಇದನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಕಾಕಾ ಅಂಗಳದ ಆಚೆ ಹೊಳೆಯುತ್ತಿದ್ದ ನೀರನ್ನು ನೋಡಿದರು. “ಇಲ್ಲ. ಈ ಸಲ ಕೂಡತೇನಿ. ಮುಂದ ಕೂಡತೇನಿ. ಕಾಣಲಿಲ್ಲಂದ್ರ ಮದಲ ಬಡಿಯೂದು ನನಗ ಬಡೀಲಿ.”

ಪಾಟೀಲರು ಒಂದು ಸಲಕ್ಕೆ ಒಪ್ಪಿದರು. ಒಂದೇ ಸಲ. ಹಿಂದಿನ ಸೀಟಿನಲ್ಲಿ ರೋಗಿಗಳ ಜಾಗದಲ್ಲಿ ತಾವೂ ತಾರಾಬಾಯಿಯ ಗಂಡನೂ ಊರಿನ ಇನ್ನು ನಾಲ್ವರೂ ಕೂರುತ್ತೇವೆಂದರು. ಅದು ಕೆಟ್ಟರೆ ಮುಂದೆ ಮಾತಿಲ್ಲ.

ಹತ್ತು ದಿನ ಶೆಡ್ಡಿನಲ್ಲಿ ಬೇರೆ ಕೆಲಸ ನಡೆಯಲಿಲ್ಲ. ಈ ಸಲ ಫಿಟ್ಟರನ ಲೆಕ್ಕವೇ. ಇಪ್ಪತ್ತೆರಡು ಇಂಚು ಅಗಲ, ಒಂದು ಫೂಟು ಉದ್ದ. ನಡುವೆ ಚುಕ್ಕಾಣಿಗೆ ಜಾಗ, ಹೊರ ಅಂಚಿಗೆ ನಾಲ್ಕು ಬೆರಳು ಬಿಟ್ಟು, ಲಾಂಚಿನ ಹಿಂಬದಿಯ ಅಳತೆಗೆ ಶೆಡ್ಡಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ತಗಡು ಇಟ್ಟು, ತೆಗೆದು, ಮತ್ತೆ ಇಟ್ಟು ನೋಡಿದರು. ಹಳೆಯ ಮೊಳೆಯ ತೂತುಗಳಿಗೆಲ್ಲ ಸಾಗವಾನಿ ಬೆಣೆ ಹೊಡೆದು ಮುಚ್ಚಿದರು. ಒಂದು ಸಂಜೆ ನಾನು ಹೋದಾಗ ರುಮಾಲಿನಿಂದ ಅಂಧೇರಿ ಸ್ಟೇಶನ್ನಿನ ತೂಕದ ಮಶೀನಿನ ಚೀಟಿ ತೆಗೆದು ನನ್ನ ಕೈಗಿಟ್ಟರು. ಮುಂದೆ ತಾವು ಕೂತರೆ ಅದೂ ಒಂದು ಭಾರ, ದಸರೆಯ ತಪ್ಪೇ ಮತ್ತೆ ಆಗುತ್ತದೆ, ಆದ್ದರಿಂದ ತಮ್ಮ ತೂಕದಷ್ಟೇ ಮರಳಿನ ಚೀಲ ಹಿಂದೆ ಇಡಬೇಕು ಎಂದರು. ಆ ಚೀಟಿಯಲ್ಲಿ ಒಂದು ಬದಿಗೆ ತೂಕ, ಇನ್ನೊಂದು ಬದಿಗೆ ಭವಿಷ್ಯ ಅಚ್ಚಾಗಿರುತ್ತಿತ್ತು. ನಾನು ಚೀಟಿ ತಿರುಗಿಸಿದೆ.

“ತೂಕ ಅಷ್ಟ ಓದವ್ವಾ. ಭವಿಷ್ಯ ಬ್ಯಾಡ.”

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ಉಬ್ಬರ ತುಂಬಿತ್ತು. ಪಾಟೀಲರು, ಅವರ ಜನ, ನಾನು, ಮರಳಿನ ಚೀಲ, ಎಲ್ಲ ಹಿಂದೆ. ನನ್ನ ಕೈಯಲ್ಲಿ ಪಾನಾ. ಸರಳು ಎಷ್ಟು ಸುತ್ತು ಎತ್ತಬೇಕು, ಇಳಿಸಬೇಕು ಎಂಬುದನ್ನು ಕಾಕಾ ನನಗೆ ಹೇಳಿಕೊಟ್ಟಿದ್ದರು. ಅವರು ಧಕ್ಕೆಯ ಮೆಟ್ಟಿಲ ಮೇಲೆ ನಿಂತೇ ಇದ್ದರು. ಹರಿ ಕೈ ಚಾಚಿದ. ಕಾಕಾ ಆ ಕೈ ಹಿಡಿಯಲಿಲ್ಲ. ಕಣ್ಣು ಮುಚ್ಚಿ, ಹೊಲದ ಬದು ದಾಟುವವರ ಹಾಗೆ ದೊಡ್ಡ ಹೆಜ್ಜೆ ಹಾಕಿ ಲಾಂಚಿಗೆ ಬಂದುಬಿಟ್ಟರು. ಮುಂಭಾಗಕ್ಕೆ ತೆವಳಿಕೊಂಡೇ ಹೋದರು. ಹರಿ ಅವರ ಸೊಂಟಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದ. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅಂಗಿ ಆಗಲೇ ಬೆವರಿಗೆ ಅಂಟಿತ್ತು.

ಖಾಡಿಯ ನಡುವೆ ಬಲೆ ಕಟ್ಟುವ ಗೂಟಗಳ ಸಾಲು, ಅದರಲ್ಲಿ ಒಂದು ಕಿಂಡಿ. ವೇಗದಲ್ಲಿ ಆ ಕಿಂಡಿಯನ್ನು ನೇರ ದಾಟಬೇಕು, ಇದು ಪಾಟೀಲರ ಷರತ್ತು. ಹರಿ ವೇಗ ಕೊಟ್ಟ. ಮೂತಿ ಏಳತೊಡಗಿತು. ಕಾಕಾನ ಬೆನ್ನು ಮೇಲೆ, ಇನ್ನೂ ಮೇಲೆ. ತಾರಾಬಾಯಿಯ ಗಂಡ ಏನೋ ಗೊಣಗಿದ. ಹರಿ ಇನ್ನಷ್ಟು ವೇಗ ಕೊಟ್ಟ. ಆಗ ತಗಡುಗಳಿಗೆ ನೀರು ಸಿಕ್ಕಿತು. ನನ್ನ ಕೆಳಗಿನ ಹಲಗೆ ಏಳುತ್ತಿರುವುದು ತಿಳಿಯಿತು, ಮೂತಿ ಇಳಿಯಿತು, ಗೂಟಗಳೆಲ್ಲ ಒಮ್ಮೆಲೇ ಕಂಡವು. ನಾನು ಸಂತೋಷದಿಂದ ಕೂಗಬೇಕೆನ್ನುವಷ್ಟರಲ್ಲಿ ಮೂತಿ ಇನ್ನೂ ಇಳಿಯಿತು. ಇಳಿಯುತ್ತಲೇ ಹೋಯಿತು. ಒಂದು ಅಲೆ ಕಾಕಾನ ಮೈಮೇಲೆ ಹಾದು ಹರಿಯ ಮುಖಕ್ಕೆ ಬಡಿಯಿತು. ಲಾಂಚು ಮೂಗು ಊರಿ ಬಲಕ್ಕೆ ಎಳೆಯತೊಡಗಿತು, ಹರಿ ಚುಕ್ಕಾಣಿಯ ಜೊತೆ ಗುದ್ದಾಡಿದ. ನೀರು ಇಳಿದಾಗ ಕಾಕಾ ಇದ್ದರು. ಎರಡೂ ಕೈಯಲ್ಲಿ ಹಗ್ಗ ಹಿಡಿದಿದ್ದರು. ಒಂದು ಕೈ ಬಿಡಿಸಿಕೊಂಡು, ಬೆರಳುಗಳನ್ನು ಕೆಳಕ್ಕೆ ಓರೆಯಾಗಿ ತೋರಿಸಿ, ಆಮೇಲೆ ಎರಡು ಬೆರಳು ಎತ್ತಿದರು. ತಗಡು ಮೇಲಕ್ಕೆ.

ಎರಡು ಸುತ್ತು. ಹರಿ ಎಂಜಿನ್ನು ನಿಧಾನ ಮಾಡಿದ. ನಾನು ಹಿಂಬದಿಯ ಹಲಗೆಯ ಮೇಲೆ ಹೊಟ್ಟೆಯಿಟ್ಟು ಆಚೆ ಬಾಗಿದೆ. ಪಾಟೀಲರು ನನ್ನ ಸೀರೆಯ ನಡುವನ್ನು ಮುಷ್ಟಿಯಲ್ಲಿ ಹಿಡಿದರು. ಎಡ ಸರಳು ಎರಡು ಸುತ್ತು, ಬಲ ಸರಳು ಎರಡು ಸುತ್ತು. ಪಾನಾ ಒಮ್ಮೆ ಜಾರಿ ಬೆರಳ ಗಂಟಿನ ತೊಗಲು ಹೋಯಿತು. ಸಮುದ್ರದ ಗಾಳಿಗೆ ಲಾಂಚು ಗೂಟಗಳ ಕಡೆಗೇ ಜಾರುತ್ತಿತ್ತು. ತಿರುಗಿಸಿ ಹಿಂದೆ ಹೋಗಿ ಮತ್ತೆ ಓಡಿಸೋಣವೇ ಎಂದು ಹರಿ ಕೇಳಿದ. ಕಾಕಾ ತಿರುಗಿ ನೋಡದೆಯೇ ಕೂಗಿದರು, “ಹೊಡಿಯೋ ಹರಿ!”

ಹರಿ ದೊಡ್ಡ ಸುತ್ತು ಹಾಕಿ ಮತ್ತೆ ವೇಗ ಕೊಟ್ಟ. ಮೂತಿ ಎದ್ದಿತು, ಇಳಿಯಿತು, ನಿಂತಿತು. ಗೂಟಗಳು ನಮ್ಮತ್ತ ಓಡಿ ಬಂದವು. ಮುಂದೆ ಕೂತ ಕಾಕಾನ ಬಲಗೈ ಹಗ್ಗ ಬಿಟ್ಟು ಪಕ್ಕಕ್ಕೆ ಚಾಚಿತು. ಅಂಗೈ ನೀರಿಗೆ ಸಮವಾಗಿ ನಿಂತಿತು. ಕಿಂಡಿ ಎರಡೂ ಪಕ್ಕ ಸುಯ್ಯೆಂದು ಹಾದುಹೋಯಿತು. ಪಾಟೀಲರು ನನ್ನ ಸೀರೆ ಬಿಟ್ಟದ್ದು ಆಮೇಲೆ. ಅವರು ಹರಿಗೆ ಹೇಳಿದ್ದು ಇಷ್ಟೇ, “ಶುಕ್ರವಾರ ಬಾ.”

ಧಕ್ಕೆಗೆ ಬಂದ ಮೇಲೆ ಸಂಗಪ್ಪ ಕಾಕಾ ಮೆಟ್ಟಿಲು ಹತ್ತಿ ವಾಂತಿ ಮಾಡಿಕೊಂಡರು. ಬಾಯಿ ತೊಳೆದುಕೊಂಡು ಒಂಬತ್ತು ಹೆಜ್ಜೆ ಎಣಿಸಿ ಕೂತರು. ನಾನು ಹತ್ತಿರ ಹೋದಾಗ ನನ್ನ ಬೆರಳಿನ ರಕ್ತ ನೋಡಿ, “ಪಾನಾ ಹಂಗ ಹಿಡಿಯೂದಲ್ಲವ್ವಾ” ಎಂದು ಬಯ್ದರು. ಅವತ್ತಿನಿಂದ ನಾನು ಅವರಿಗೆ ಬಾಯಾರೂ ಅಲ್ಲ, ಅವ್ವನೂ ಅಲ್ಲ, ಬರೀ ತಂಗಿಯಾದೆ.

ಮತ್ತೆಂದೂ ಅವರು ಬೋಟು ಹತ್ತಲಿಲ್ಲ. ಆದರೆ ತಿಂಗಳಿಗೊಮ್ಮೆ ತಪ್ಪದೆ ಬಂದು ತಗಡಿಗೆ ಹತ್ತಿದ ಚಿಪ್ಪು ಕೆರೆದು, ಸರಳಿಗೆ ಗ್ರೀಸು ಹಚ್ಚಿ ಹೋಗುತ್ತಿದ್ದರು. ತಾರಾಬಾಯಿಯ ಹೊಸ ದೋಣಿಗೆ ಮೂತಿಯ ತಗಡನ್ನು ಅವರೇ ಹೊಡೆದು ಕೊಟ್ಟರು. ಅವಳು ಧಕ್ಕೆಯಲ್ಲಿ ಸಿಕ್ಕಾಗಲೆಲ್ಲ ಅವರಿಗೆ ಬೊಂಬಿಲ್ ಮೀನು ಕೊಡಲು ಹೋಗುತ್ತಿದ್ದಳು, ಲಿಂಗ ಕಟ್ಟಿದ ಕಾಕಾ ಕೈಮುಗಿದು ಹಿಂದೆ ಸರಿಯುತ್ತಿದ್ದರು. ಈ ನಾಟಕ ಅವರಿಬ್ಬರಿಗೂ ಎಂದೂ ಬೇಸರವಾಗಲಿಲ್ಲ. ಆ ಲಾಂಚಿನಲ್ಲಿ ಎಷ್ಟು ಹೆಂಗಸರು ಸಮಯಕ್ಕೆ ಆಸ್ಪತ್ರೆ ಮುಟ್ಟಿದರು ಎಂಬುದನ್ನು ನಾನು ಎಣಿಸಿಡಲಿಲ್ಲ. ಬಾಗಿಲ ಹಲಗೆಯ ಮಾತು ಮಾತ್ರ ಆ ಊರಿನಲ್ಲಿ ಮತ್ತೆ ಕೇಳಲಿಲ್ಲ.

ಆರೇಳು ವರ್ಷಗಳ ಮೇಲೆ ಕಾಕಾನ ಕಣ್ಣಿಗೆ ಪೊರೆ ಬಂತು. ಗೆರೆ ಕಾಣದವನಿಗೆ ತಗಡಿನ ಕೆಲಸ ಎಂಥದು ಎಂದು ಶೆಡ್ಡನ್ನು ತಮ್ಮನ ಮಗನಿಗೆ ಬಿಟ್ಟು ಊರಿಗೆ ಹೊರಟರು. ಹೊರಡುವ ಮೊದಲು ಒಂದು ಮಂಗಳವಾರ ವರ್ಸೋವಾಕ್ಕೆ ಬಂದರು. ಲಾಂಚು ಹೊರಡುವ ಹೊತ್ತು. ನಿಂತು ಮಾತಾಡಲು ಪುರುಸೊತ್ತಿರಲಿಲ್ಲ, ಉಬ್ಬರ ಕಾಯುವುದಿಲ್ಲವಲ್ಲ. “ಹೋಗಿ ಬಾ ತಂಗಿ” ಎಂದರು. ನಾನು ಕಾಲಿಗೆ ನಮಸ್ಕಾರ ಮಾಡಿ ಲಾಂಚು ಹತ್ತಿದೆ. ಹೊಸ ಡಾಕ್ಟರು, ಔಷಧಿಯ ಪೆಟ್ಟಿಗೆಗಳು, ನಾನು, ಎಲ್ಲ ಹಿಂದೆ ಎಡಗಡೆಗೆ ಕೂತಿದ್ದೆವು.

ಲಾಂಚು ದೂರ ಸರಿದಾಗ ತಿರುಗಿ ನೋಡಿದೆ. ಕಾಕಾ ದಂಡೆಯ ಮೇಲಿರಲಿಲ್ಲ. ಧಕ್ಕೆಯ ಕೊನೆಯ ಮೆಟ್ಟಿಲಿಗೆ ಇಳಿದು ಕೂತಿದ್ದರು. ಚಪ್ಪಲಿ ಪಕ್ಕದಲ್ಲಿತ್ತು, ಪಾದ ನೀರಿನಲ್ಲಿತ್ತು. ಕೈಯೆತ್ತಿ ಬೀಸಿದೆ. ಅವರೂ ಕೈಯೆತ್ತಿದರು. ಆದರೆ ಬೀಸಲಿಲ್ಲ. ಪೊರೆ ಬಂದ ಕಣ್ಣಿಗೆ ನಮ್ಮ ಮುಖ ಕಂಡಿರಲಾರದು, ಬೋಟಿನ ಬೆನ್ನು ಕಂಡಿತ್ತು. ಅಂಗೈಯನ್ನು ಎಡಕ್ಕೆ ಓರೆ ಮಾಡಿ ಹಿಡಿದರು.

ನಾನು ಎದ್ದು ಬಲಗಡೆಗೆ ಹೋಗಿ ಕೂತೆ. ಅಂಗೈ ಸಮವಾಯಿತು. ನಾವು ಗೂಟಗಳ ಕಿಂಡಿ ದಾಟುವವರೆಗೂ ಅದನ್ನು ಹಾಗೆಯೇ ಹಿಡಿದುಕೊಂಡಿದ್ದರು. ಮತ್ತೆ ನಾನು ಅವರನ್ನು ನೋಡಲಿಲ್ಲ.